ಕೋಳಿಗೆ ನಾವು ಬೇಕು, ಕೊಕ್ಕರೆಗೆ ಬೇಡ

(ಮೈಸೂರಿನ ನಮ್ಮ ಬಡಾವಣೆಯ ಹಿರಿಯರ ಕೂಟದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು. ಫೋನಿನಲ್ಲಿ ಹಿಡಿದಿಟ್ಟುಕೊಂಡದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ತೆಗೆದಿಲ್ಲ.)

ಎಲ್ಲರಿಗೂ ನಮಸ್ಕಾರ. ನಾನು ದನದ ಡಾಕ್ಟರ್. ರಿಟೈರ್ ಆಗಿ ವರ್ಷಗಳಾದರೂ ಮದ್ದೂರಿನ ಕಡೆ ಹೋದರೆ ಈಗಲೂ ಹಾಗೇ ಕರೆಯುತ್ತಾರೆ. ಪ್ರಾಣಿಗಳಿಂದ ಮನುಷ್ಯನಿಗೆ ಸಿಗುವ ನೆಮ್ಮದಿ ಬಗ್ಗೆ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದಾಗ ನನಗೆ ಮೊದಲು ನೆನಪಾದದ್ದು ನಾಯಿಯಲ್ಲ, ಹಸುವಲ್ಲ. ಒಂದು ಕೋಳಿ.

ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು. ಒಂದು ಮಧ್ಯಾಹ್ನ ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿಕೊಂಡು ಒಂದು ನಾಟಿ ಕೋಳಿ ತಂದರು. ಮೂರು ಮೈಲಿ ನಡೆದು ಬಂದಿದ್ದರು. ಕೋಳಿ ಬಾಲ ಇಳಿಬಿಟ್ಟು, ಕಾಲು ಅಗಲಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿತು. ಹೊಟ್ಟೆ ಮುಟ್ಟಿದರೆ ಒಳಗೆ ಗಟ್ಟಿಯಾಗಿ ಮೊಟ್ಟೆ ಸಿಕ್ಕುತ್ತದೆ. ಸಿಕ್ಕಿಹಾಕಿಕೊಂಡುಬಿಟ್ಟಿದೆ, ಹೊರಗೆ ಬರುತ್ತಿಲ್ಲ. ನಾನು ಆಗ ಹುಡುಗ, ಲೆಕ್ಕಾಚಾರದ ಬುದ್ಧಿ. "ಅವ್ವ, ಔಷಧಿ, ಓಡಾಟ ಅಂತ ನೀವು ಮಾಡೋ ಖರ್ಚಲ್ಲಿ ಎರಡು ಕೋಳಿ ಬರ್ತವಲ್ಲ" ಅಂದೆ.

ಅಜ್ಜಿಗೆ ಕೋಪ ಬರಲಿಲ್ಲ. "ಬತ್ತವೆ ಕಣಪ್ಪ ಎರಡು. ಆದ್ರೆ ಬೆಳಿಗ್ಗೆ ಬಾಗ್ಲು ತೆಗುದ್ರೆ ನನ್ನ ಕಾಲ್ಗೆ ಸುತ್ಕೊಳೋದು ಇದೊಂದೇಯ" ಅಂದರು.

ನಾನು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಬೇಸಿನ್ನಿನಲ್ಲಿ ಬೆಚ್ಚಗಿನ ನೀರು ತಂದೆ. ಕೋಳಿಯನ್ನು ಹೊಟ್ಟೆ ಮುಳುಗುವಷ್ಟು ನೀರಲ್ಲಿ ಕೂರಿಸಿದೆವು. ಅಜ್ಜಿ ಅದರ ಕುತ್ತಿಗೆ ಸವರುತ್ತಾ, ಹೆರಿಗೆ ಕೋಣೆಯಲ್ಲಿ ಕೂತವರ ಹಾಗೆ ಏನೋ ಗೊಣಗುತ್ತಿದ್ದರು. ಇಪ್ಪತ್ತು ನಿಮಿಷ ಆದ ಮೇಲೆ ಬೆರಳಿಗೆ ಹರಳೆಣ್ಣೆ ಹಚ್ಚಿಕೊಂಡು ಮೆಲ್ಲಗೆ ಸವರಿ, ಹೊಟ್ಟೆಯನ್ನು ಹಗೂರಕ್ಕೆ ಒತ್ತಿ ಹಿಡಿದೆ. ಮೊಟ್ಟೆ ಜಾರಿ ನೀರಿಗೆ ಬಿತ್ತು. ಕೋಳಿ ಒಂದು ಸಲ ಮೈ ಕೊಡವಿ ನನ್ನ ಶರ್ಟೆಲ್ಲ ಒದ್ದೆ ಮಾಡಿತು. ಅಜ್ಜಿ ಆ ಮೊಟ್ಟೆಯನ್ನು ಸೆರಗಿನಲ್ಲಿ ಒರೆಸಿ ನನಗೇ ಫೀಸು ಕೊಟ್ಟು ಹೋದರು.

ಆ ಅಜ್ಜಿಯ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಅಂತ ಆಮೇಲೆ ನಮ್ಮ ಅಟೆಂಡರ್ ಹೇಳಿದ. ಕೋಳಿ ಆಕೆಯನ್ನು ಪ್ರೀತಿಸುತ್ತಿತ್ತೇ? ನನಗೆ ಹಾಗೇನೂ ಅನ್ನಿಸುವುದಿಲ್ಲ. ಅದು ಕಾಲು ಸುತ್ತುತ್ತಿದ್ದದ್ದು ಒಂದು ಹಿಡಿ ರಾಗಿಗೆ. ಆದರೆ ಆ ಒಂದು ಹಿಡಿ ರಾಗಿ ಹಾಕಲಿಕ್ಕೆ ಅಜ್ಜಿ ಬೆಳಗ್ಗೆ ಏಳಲೇಬೇಕಿತ್ತು, ಬಾಗಿಲು ತೆಗೆಯಲೇಬೇಕಿತ್ತು. ವಿಷಯ ಇರುವುದು ಅಲ್ಲಿ.

ನಾವೆಲ್ಲ "ನಾಯಿ ಎಷ್ಟು ಪ್ರೀತಿ ತೋರಿಸುತ್ತೆ ಗೊತ್ತಾ" ಅಂತೇವೆ. ಸುಳ್ಳಲ್ಲ. ಆದರೆ ನೆಮ್ಮದಿ ಬರುವುದು ಅದು ತೋರಿಸುವ ಪ್ರೀತಿಯಿಂದ ಮಾತ್ರ ಅಲ್ಲ, ನಾವು ಅದಕ್ಕೆ ಬೇಕಾಗಿದ್ದೇವೆ ಅನ್ನುವುದರಿಂದ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ದಕ್ಷಿಣ ಕೊರಿಯಾದಲ್ಲಿ ಒಂದು ಪ್ರಯೋಗ ಮಾಡಿದರು, 2016ರಲ್ಲಿ ಪ್ರಕಟವಾಯಿತು. 94 ಜನ ವಯಸ್ಸಾದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ಸಲಹೆ ಮಾತ್ರ. ಇನ್ನೊಂದು ಗುಂಪಿಗೆ ಸಲಹೆಯ ಜೊತೆಗೆ ಸಾಕಲು ಏನು ಕೊಟ್ಟರು ಹೇಳಿ ನೋಡೋಣ? ನಾಯಿಮರಿ ಅಲ್ಲ, ಬೆಕ್ಕಲ್ಲ. ಜೀರುಂಡೆ! ರಾತ್ರಿ ಹೊತ್ತು ಹಿತ್ತಲಲ್ಲಿ ಕಿರ್ ಕಿರ್ ಅನ್ನುತ್ತದಲ್ಲ, ಆ ಹುಳು. ಒಂದು ಡಬ್ಬಿಯಲ್ಲಿ ಕೆಲವು ಜೀರುಂಡೆ, ಅದಕ್ಕೆ ಮೇವು. ಎಂಟು ವಾರ ಕಳೆದ ಮೇಲೆ ನೋಡಿದರೆ ಜೀರುಂಡೆ ಸಾಕಿದವರ ಖಿನ್ನತೆ ಕಡಿಮೆಯಾಗಿತ್ತು. ಜೀರುಂಡೆ ಕೈ ನೆಕ್ಕುತ್ತದಾ? ಬಾಲ ಅಲ್ಲಾಡಿಸುತ್ತದಾ? ಯಾರು ತನ್ನನ್ನು ಸಾಕುತ್ತಿದ್ದಾರೆ ಅಂತಲೂ ಅದಕ್ಕೆ ಗೊತ್ತಿರಲಿಕ್ಕಿಲ್ಲ. ಆದರೂ ಬೆಳಗ್ಗೆ ಎದ್ದು ಅದರ ಡಬ್ಬಿ ನೋಡಬೇಕಿತ್ತು.

ನಾಯಿಯದು ಸ್ವಲ್ಪ ಬೇರೆ, ಅದನ್ನೂ ಹೇಳಬೇಕು. ಕರು ಬಂದು ಕೆಚ್ಚಲಿಗೆ ಗುದ್ದಿದಾಗ ಹಸು ಸೊರೆ ಬಿಡುತ್ತದೆ, ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ಆಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬಿಡುಗಡೆ ಆಗುತ್ತದೆ. ತಾಯಿ ಮಗುವಿಗೆ ಹಾಲು ಕೊಡುವಾಗಲೂ ಅದೇ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನೇ ನಾಯಿ ಮತ್ತು ಯಜಮಾನರಲ್ಲಿ ಅಳೆದರು. ನಾಯಿ ಯಾರ ಕಣ್ಣನ್ನು ತುಂಬ ಹೊತ್ತು ನೋಡುತ್ತಾ ಕೂತಿತ್ತೋ ಅವರಲ್ಲೂ, ಆ ನಾಯಿಯಲ್ಲೂ ಆಕ್ಸಿಟೋಸಿನ್ ಏರಿತ್ತು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹೀಗೆ ಆಗಲಿಲ್ಲ. ಸಾವಿರಾರು ವರ್ಷ ನಮ್ಮ ಒಲೆಯ ಪಕ್ಕ ಮಲಗಿದ್ದಕ್ಕೆ ನಾಯಿ ಈ ವಿದ್ಯೆ ಕಲಿತಿದೆ. ನಾವು ಊಟಕ್ಕೆ ಕೂತಾಗ ಅದು ನೋಡುವ ನೋಟಕ್ಕೆ ಅರ್ಧ ಚಪಾತಿ ತಾನಾಗಿ ಕೆಳಗೆ ಹೋಗುತ್ತದಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ.

ಅಮೆರಿಕದಲ್ಲಿ 1980ರಲ್ಲಿ ಬಂದ ಇನ್ನೊಂದು ಅಧ್ಯಯನ ತುಂಬ ಹೆಸರು ಮಾಡಿತು. ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿ ಮನೆಗೆ ಹೋದ 92 ಜನರನ್ನು ಒಂದು ವರ್ಷ ಗಮನಿಸಿದರು. ಸಾಕುಪ್ರಾಣಿ ಇದ್ದ 53 ಜನರಲ್ಲಿ ಸತ್ತವರು 3. ಇಲ್ಲದ 39 ಜನರಲ್ಲಿ 11.

ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: "ಹಾಗಾದ್ರೆ ನಾಯಿ ತಂದ್ಕೊಂಡ್ರೆ ಬಿಪಿ ಮಾತ್ರೆ ಬಿಡಬಹುದಾ ಡಾಕ್ಟ್ರೇ?"

ಬಿಡಬೇಡಿ ಸಾರ್. ನಾನು ದನದ ಡಾಕ್ಟರ್ ಅಂತ ಮೊದಲೇ ಹೇಳಿದ್ದೇನೆ. ಆ ಲೆಕ್ಕದಲ್ಲಿ ಒಂದು ತೊಡಕಿದೆ. ಗಟ್ಟಿಮುಟ್ಟಾಗಿ ಇರುವವರೇ ಪ್ರಾಣಿ ಸಾಕುತ್ತಾರೋ, ಪ್ರಾಣಿ ಸಾಕಿದ್ದಕ್ಕೆ ಗಟ್ಟಿಯಾದರೋ ಅಂತ ಬಿಡಿಸಿ ಹೇಳುವುದು ಕಷ್ಟ. ಆಮೇಲೆ ಬಂದ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ, ಕೆಲವು ಉಲ್ಟಾ ಹೇಳಿವೆ. ನಾಯಿ ಔಷಧಿ ಅಲ್ಲ. ಔಷಧಿಗೆ ಹೊಟ್ಟೆ ಹಸಿಯುವುದಿಲ್ಲ, ಹೊರಗೆ ಕರೆದುಕೊಂಡು ಹೋಗು ಅಂತ ಬಾಗಿಲು ಕೆರೆಯುವುದೂ ಇಲ್ಲ.

ನಮ್ಮ ವಯಸ್ಸಿನವರು ನಾಯಿ ತರುವ ಮೊದಲು ಕೆಲವು ಮಾತು ಕೇಳಿಸಿಕೊಳ್ಳಿ. ಎಪ್ಪತ್ತು ದಾಟಿದವರಿಗೆ ಮಕ್ಕಳು ಹುಟ್ಟುಹಬ್ಬಕ್ಕೆ ಲ್ಯಾಬ್ರಡಾರ್ ಮರಿ ತಂದುಕೊಡುತ್ತಾರೆ. ಮಕ್ಕಳು ಊರಿಗೆ ವಾಪಸ್. ಆರು ತಿಂಗಳಲ್ಲಿ ಮರಿ ಕರುವಿನಷ್ಟು ಬಲಿತು, ಬೀದಿಯಲ್ಲಿ ಬೆಕ್ಕು ಕಂಡಿತು ಅಂತ ಒಂದೇ ಸಲ ಎಳೆದರೆ ಅಪ್ಪನ ಸೊಂಟದ ಮೂಳೆ ಹೋಯಿತು. ಇಂಥದ್ದು ನಾನು ಒಂದಕ್ಕಿಂತ ಹೆಚ್ಚು ನೋಡಿದ್ದೇನೆ. ನಮ್ಮ ಮುಧೋಳದ ನಾಯಿ ನೋಡಲು ಚೆಂದ, ನಮ್ಮ ನಾಡಿನದು ಅನ್ನುವ ಹೆಮ್ಮೆ ಬೇರೆ. ಆದರೆ ಅದು ಬೇಟೆಗೆ ಓಡಲು ಹುಟ್ಟಿದ್ದು, ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ಹಿಂಸೆ, ನಿಮಗೂ ಹಿಂಸೆ. ಬೇಕೇ ಬೇಕು ಅಂದರೆ ನಾಲ್ಕೈದು ವರ್ಷ ತುಂಬಿದ, ಶಾಂತ ಸ್ವಭಾವದ ಬೀದಿ ನಾಯಿ ತನ್ನಿ. ಇಲ್ಲಿನ ಬಿಸಿಲಿಗೆ, ಮಳೆಗೆ ಒಗ್ಗಿಕೊಂಡಿರುತ್ತದೆ. ನಾಯಿ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ನನ್ನ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ತರುವ ದಿನವೇ ಮಾತಾಡಿಕೊಳ್ಳಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಿಸಬೇಡಿ. ಸಾಕಿದ್ದೋ ಬೀದಿಯದ್ದೋ, ಯಾವ ನಾಯಿ ಕಚ್ಚಿದರೂ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಅರಿಸಿನ, ಮೆಣಸಿನಪುಡಿ ಏನೂ ಹಚ್ಚಬೇಡಿ.

ಸರಿ, ಈಗ ಇನ್ನೊಂದು ಕಡೆಗೆ ಬರುತ್ತೇನೆ.

ರಿಟೈರ್ ಆದ ಸ್ವಲ್ಪ ದಿನಕ್ಕೆ ನನಗೆ ಬೈಪಾಸ್ ಆಯಿತು. ಆಸ್ಪತ್ರೆಯಲ್ಲಿ ನನ್ನ ಮಂಚದ ಎದುರಿಗೆ ಇದ್ದದ್ದು ಒಂದು ಗೋಡೆ, ಆ ಗೋಡೆಯಲ್ಲಿ ಒಂದು ಎಸಿ ಪೈಪು. ಎಂಟು ದಿನ ಆ ಪೈಪು ನೋಡಿದೆ. ಅದರ ಮೇಲೆ ಎಷ್ಟು ಸ್ಕ್ರೂ ಇದ್ದವು ಅಂತ ಈಗಲೂ ಹೇಳಬಲ್ಲೆ. ಎಷ್ಟೋ ದಿನ ಆದ ಮೇಲೆ ನನಗೆ ರೋಜರ್ ಉಲ್ರಿಚ್ ಅನ್ನುವವರ ಕೆಲಸ ಓದಲು ಸಿಕ್ಕಿತು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆ ತೆಗೆದು ನೋಡಿದರಂತೆ. ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಕೆಲವರ ಕಿಟಕಿಯಿಂದ ಇಟ್ಟಿಗೆ ಗೋಡೆ. ಒಂದೇ ಥರದ 23 ಜೋಡಿ ರೋಗಿಗಳು. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ನೋವಿಗೆ ಕೊಡುವ ಜೋರು ಔಷಧಿಯನ್ನೂ ಕಡಿಮೆ ತೆಗೆದುಕೊಂಡರು. 1984ರಲ್ಲಿ ಇದು ಪ್ರಕಟವಾಯಿತು. ಮುಕ್ಕಾಲು ದಿನ ಅಂದರೆ ಏನು ಮಹಾ ಅನ್ನಬೇಡಿ. ಆಸ್ಪತ್ರೆ ಮಂಚದ ಮೇಲೆ ಮಲಗಿದವನಿಗೆ ಗೊತ್ತು ಮುಕ್ಕಾಲು ದಿನ ಎಷ್ಟು ಉದ್ದ ಅಂತ.

ಮನೆಗೆ ಬಂದ ಮೇಲೂ ನನ್ನ ಮನಸ್ಸು ಆ ಗೋಡೆಯ ಎದುರಿಗೇ ಕೂತಿತ್ತು. ಊಟ ಸೇರುತ್ತಿರಲಿಲ್ಲ. ಯಾರಾದರೂ ನೋಡಲು ಬಂದರೆ ಯಾವಾಗ ಎದ್ದು ಹೋಗುತ್ತಾರೋ ಅನ್ನಿಸುತ್ತಿತ್ತು. ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಕ್ಕೆ, ನಮ್ಮನೆಯವರ ಕಾಟ ತಡೆಯದೆ ಕುಕ್ಕರಹಳ್ಳಿ ಕೆರೆಗೆ ಹೋಗಲು ಶುರುಮಾಡಿದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ನಿಮಗೆಲ್ಲ ಗೊತ್ತಿರುವುದೇ. ಮೊದಲು ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದೆ. ಒಂದು ದಿನ ಉಸಿರು ಕಟ್ಟಿದ ಹಾಗಾಗಿ ಏರಿಯ ಮೇಲೆ ಕೂತೆ. ಎದುರಿಗೆ ಒಣಗಿದ ಕೊಂಬೆಯ ಮೇಲೆ ಒಂದು ಹಾವಕ್ಕಿ. ಕತ್ತು ನೀರಿಂದ ಎದ್ದ ಹಾವಿನ ಥರ ಇರುತ್ತದಲ್ಲ, ಆ ಹಕ್ಕಿ. ಎರಡೂ ರೆಕ್ಕೆ ಬಿಡಿಸಿ, ಹಗ್ಗಕ್ಕೆ ಹರವಿದ ಒದ್ದೆ ಬಟ್ಟೆಯ ಹಾಗೆ ಬಿಸಿಲಿಗೆ ಹಿಡಿದು ಕೂತಿತ್ತು. ಅದರ ರೆಕ್ಕೆಗೆ ನೀರು ಹಿಡಿಯುತ್ತದೆ, ಅದಕ್ಕೇ ಮೀನಿನ ಹಿಂದೆ ಸುಲಭವಾಗಿ ಮುಳುಗುತ್ತದೆ, ಅದಕ್ಕೇ ಮೇಲೆ ಬಂದು ಒಣಗಿಸಿಕೊಳ್ಳಬೇಕು. ನಾನು ನೋಡುತ್ತಾ ಕೂತೆ. ಅದು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಿಮಗೆ ವಿಚಿತ್ರ ಅನ್ನಿಸಬಹುದು, ಅದು ನನ್ನನ್ನು ನೋಡದೆ ಇದ್ದದ್ದೇ ನನಗೆ ಹಿತವಾಯಿತು. ಎರಡು ತಿಂಗಳಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾತ್ರೆ ತಗೊಂಡ್ರಾ, ಬೆವರ್ತಿದೀರಾ, ಯಾಕೆ ಸಪ್ಪಗಿದೀರಾ. ಇಲ್ಲಿ ಒಂದು ಜೀವ, ಅದಕ್ಕೆ ನನ್ನ ಎದೆಯ ಹೊಲಿಗೆಯ ಗೊಡವೆಯೇ ಇಲ್ಲ. ಅದರ ರೆಕ್ಕೆ ಒಣಗಬೇಕು, ಅಷ್ಟೇ. ಕೋಳಿ ಅಜ್ಜಿಗೆ "ನೀನಿಲ್ಲದಿದ್ದರೆ ಆಗದು" ಅಂದಿತು. ಹಾವಕ್ಕಿ ನನಗೆ "ನೀನು ಇದ್ದರೂ ಸರಿ, ಇಲ್ಲದಿದ್ದರೂ ಸರಿ" ಅಂದಿತು. ಎರಡರಿಂದಲೂ ಮೈ ಹಗುರಾಗುತ್ತದೆ, ಬೇರೆ ಬೇರೆ ಕಾರಣಕ್ಕೆ. ಮಾರನೇ ದಿನದಿಂದ ಹೆಜ್ಜೆ ಎಣಿಸುವುದು ಬಿಟ್ಟು ಹಕ್ಕಿ ಎಣಿಸಲು ಶುರುಮಾಡಿದೆ. ಹೆಜ್ಜೆ ತಾನಾಗಿ ಜಾಸ್ತಿ ಆಯಿತು.

ಈ ಎರಡು ಥರದ ನೆಮ್ಮದಿಯನ್ನೂ ಒಟ್ಟಿಗೆ ಇಟ್ಟುಕೊಂಡಿರುವ ಊರು ಒಂದಿದೆ, ನಾನು ಕೆಲಸ ಮಾಡಿದ ತಾಲ್ಲೂಕಿನಲ್ಲೇ. ಕೊಕ್ಕರೆ ಬೆಳ್ಳೂರು. ಬೆಂಗಳೂರು ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸುಮಾರು 12 ಕಿಲೋಮೀಟರ್. ಶಿಂಷಾ ನದಿ ಪಕ್ಕದಲ್ಲೇ ಹರಿಯುತ್ತದೆ. ಚಳಿಗಾಲದಲ್ಲಿ ಕೊಕ್ಕಿನ ಕೆಳಗೆ ಚೀಲ ಇರುವ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಬಂದು ಊರಿನೊಳಗಿನ ಹುಣಸೆ ಮರ, ಆಲ, ಅರಳಿ ಮರದ ಮೇಲೆ ಗೂಡು ಕಟ್ಟಿ, ಮರಿ ಮಾಡಿಕೊಂಡು ಬೇಸಿಗೆ ಮುಗಿಯುವ ಹೊತ್ತಿಗೆ ಹೋಗುತ್ತವೆ. ಕಾಡಿನಲ್ಲಲ್ಲ, ಕೆರೆಯ ನಡುಗಡ್ಡೆಯಲ್ಲಲ್ಲ. ಮನೆಯ ಹಿತ್ತಲಲ್ಲಿ, ಹಂಚಿನ ಮಾಡಿನ ಮೇಲೆ ಚಾಚಿದ ಕೊಂಬೆಯಲ್ಲಿ.

ಫೋಟೋ ನೋಡಿ ಹೋದವರಿಗೆ ಮೊದಲು ಮೂಗಿಗೆ ಬಡಿಯುವುದು ವಾಸನೆ. ಕೊಳೆತ ಮೀನು, ಹಿಕ್ಕೆ. ಮರದ ಕೆಳಗೆ ನೆಲವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ. ದೊಡ್ಡ ಕೊಕ್ಕರೆಗೆ ಹಾಡಲು ಬರುವುದಿಲ್ಲ, ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಅನ್ನಿಸುತ್ತದೆ. ಮರಿಗಳು ಮಾತ್ರ ಹಸಿವು ಅಂತ ಇಡೀ ದಿನ ಅರಚುತ್ತವೆ. ಒಮ್ಮೆ ಹಸುವಿಗೆ ಗರ್ಭ ಪರೀಕ್ಷೆ ಮಾಡಲು ಹೋಗಿದ್ದಾಗ ಮೇಲಿಂದ ಅರ್ಧ ಜೀರ್ಣವಾದ ಮೀನು ಒಂದು ನೇರ ನನ್ನ ಬೆನ್ನ ಮೇಲೆ ಬಿತ್ತು. ಮನೆಯ ಯಜಮಾನಿ ನಕ್ಕು, "ಬಾಣಂತಿ ಮನೆ ಅಲ್ವಾ ಡಾಕ್ಟ್ರೇ, ಹಿಂಗೇಯ" ಅಂದರು.

ಬಾಣಂತಿ ಮನೆ. ಅದು ಆ ಊರಿನ ಮಾತು. ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಅವರ ಲೆಕ್ಕ. ಹೆರಿಗೆಗೆ ಬಂದ ಮಗಳ ಮೇಲೆ ಗಲಾಟೆ, ವಾಸನೆ ಅಂತ ದೂರು ಹೇಳುತ್ತಾರಾ? ಹಿಂದೆ ಪ್ಲೇಗು ಬಂದು ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುವ ಕಥೆ ಇದೆ. ಭಾವನೆ ಮಾತ್ರ ಅಲ್ಲ, ವ್ಯವಹಾರವೂ ಇದೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗುಂಡಿಯಲ್ಲಿ ಕೂಡಿಸಿ ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು. ಗೂಡು ಇರುವ ಮರದ ಹುಣಸೆ ಬಡಿಯುವಂತಿಲ್ಲ, ಅದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ. ಸಾಲದು ಅಂತ ಊರವರ ತಕರಾರು, ನನಗೂ ಅದು ನ್ಯಾಯ ಅನ್ನಿಸುತ್ತದೆ. ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವಷ್ಟಾದ ಮೇಲೆ ಬಿಡುತ್ತಾ ಬಂದಿದ್ದಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು, ಅಂದರೆ ಊರವರೂ ಸೇರಿ ಕಾಪಾಡುವ ರಕ್ಷಿತ ಜಾಗ, ಅಂತ ಘೋಷಿಸಿತು.

2017ರ ಕೊನೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸಾಯತೊಡಗಿದವು. ಹೊಟ್ಟೆ ತುಂಬ ಜಂತುಹುಳು, ಮೀನಿನಿಂದ ಬಂದದ್ದು. ಆಗ ಹೋಗಿದ್ದೆ. ಒಬ್ಬ ಹೆಂಗಸು ಅಂಗಳ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿ ಮರ ನೋಡುತ್ತಾ ನಿಂತಿದ್ದರು. "ಸದ್ದೇ ಇಲ್ಲ ನೋಡಿ, ನಿದ್ದೆ ಬತ್ತಿಲ್ಲ" ಅಂದರು. ಹಗಲೆಲ್ಲ ಆ ಅರಚಾಟದ ಕೆಳಗೇ ಬಾಳಿದವರಿಗೆ ಅದು ನಿಂತರೆ ನಿದ್ದೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಬೈಗುಳವೂ ಸ್ವಲ್ಪ ಬೇಕು. ನೆಮ್ಮದಿ ಬೇಕು ಅಂತ ಪಂಜರದಲ್ಲಿ ಗಿಳಿ ಇಡುತ್ತೇವೆ. ಹಸಿರು ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ನಕ್ಷತ್ರ ಆಮೆಯೂ ಅಷ್ಟೇ. ಫ್ಲಾರೆನ್ಸ್ ನೈಟಿಂಗೇಲ್ ಒಂದು ಕಡೆ ಬರೆದಿದ್ದಾರೆ, ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿದ ರೋಗಿಗೆ ಪಂಜರದ ಹಕ್ಕಿಯೊಂದೇ ಸಂತೋಷ ಆಗಿರಬಹುದು ಅಂತ. ಆಕೆಯೂ ಅಥೆನ್ಸಿನಿಂದ ಒಂದು ಪುಟ್ಟ ಗೂಬೆ ತಂದು ಜೇಬಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಕ್ರಿಮಿಯಾ ಯುದ್ಧಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ನೋಡಿಕೊಳ್ಳುವವರಿಲ್ಲದೆ ಅದು ಸತ್ತುಹೋಯಿತು. ಅಷ್ಟು ದೊಡ್ಡ ಮನುಷ್ಯರಿಗೂ ಹೀಗಾಯಿತು. ಆ ರೋಗಿಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಒಂದೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡವರು ಈಗ ಇಬ್ಬರಾದರಲ್ಲ? ಕಿಟಕಿ ತೆಗೆದು ಮಂಚವನ್ನು ಅದರ ಪಕ್ಕಕ್ಕೆ ಎಳೆದರೆ ಆಗದೇ? ಚಾಮುಂಡಿ ಬೆಟ್ಟದಲ್ಲಿ ಕೋತಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡುವುದೂ ಇದೇ ಥರ. ನಮಗೆ ಪುಣ್ಯ, ಮುಂದೆ ಬರುವವರ ಕೈಚೀಲಕ್ಕೆ ಗ್ರಹಚಾರ. ಪಾರಿವಾಳಕ್ಕೆ ಮೂಟೆಗಟ್ಟಲೆ ಕಾಳು ಸುರಿಯುವವರಿಗೂ ಒಂದು ಮಾತು: ಅದರ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶ ಕೆಡಿಸುತ್ತದೆ. ಉಬ್ಬಸ ಇರುವವರು ದೂರ ಇರಿ.

ಪ್ರಶ್ನೆ ಇದ್ದರೆ ಕೇಳಿ ಅಂದೆ. ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೈ ಎತ್ತಿದರು. "ನಾನು ಮೂರನೇ ಮಹಡಿ ಫ್ಲಾಟಲ್ಲಿ ಒಬ್ಬಳೇ ಇದೀನಿ. ಅಸೋಸಿಯೇಷನ್ನವರು ಪ್ರಾಣಿ ಸಾಕಂಗಿಲ್ಲ ಅಂತಾರೆ. ಮಂಡಿ ನೋವು, ಕೆರೆಗೂ ಬರಕ್ಕಾಗಲ್ಲ. ನನಗೆ ನೀವು ಹೇಳಿದ್ದು ಯಾವುದೂ ಇಲ್ವಲ್ಲ?"

ಅಸೋಸಿಯೇಷನ್ನವರು ಹಾಗೆ ನಿಷೇಧ ಹಾಕುವಂತಿಲ್ಲ ಅಮ್ಮ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ ಅಂದೆ. ಅದು ಬಿಡಿ, ಬಾಲ್ಕನಿಯಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ತೊಳೆದು ಹೊಸ ನೀರು ಹಾಕಿ, ಪಿಕಳಾರವೋ ಅಳಿಲೋ ಬಂದೇ ಬರುತ್ತದೆ ಅಂದೆ.

"ಅಯ್ಯೋ, ಅದೇನೂ ಬರಲ್ಲ. ಒಂದು ಕಾಗೆ ಬರತ್ತೆ ಅಷ್ಟೇ. ಒಂದು ಕಾಲು ಸೊಟ್ಟ ಅದಕ್ಕೆ. ಮೊಸರನ್ನ ಇಟ್ರೆ ಮುಟ್ಟಲ್ಲ, ಚಪಾತಿನೇ ಆಗ್ಬೇಕು, ಅದೂ ಚೂರು ಮಾಡಿ. ಹನ್ನೊಂದು ಗಂಟೆಗೆ ಸರಿಯಾಗಿ ಬಂದು ಗ್ರಿಲ್ ಮೇಲೆ ಕೂತು ಕುಟ್ಟತ್ತೆ. ಲೇಟಾದ್ರೆ ಬೈಯತ್ತೆ."

ಸಭೆಯೆಲ್ಲ ನಕ್ಕಿತು. ಯಾಕೆ ನಗುತ್ತಿದ್ದಾರೆ ಅಂತ ಅವರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವರೂ ನಕ್ಕರು. ನಗುತ್ತಲೇ ಗೋಡೆ ಗಡಿಯಾರ ನೋಡಿದರು. ಹತ್ತು ಮುಕ್ಕಾಲು. "ಬರ್ತೀನಿ ಡಾಕ್ಟ್ರೇ" ಅಂತ ಕೋಲು ಹಿಡಿದು ಎದ್ದು, ಕಾಫಿಗೂ ನಿಲ್ಲದೆ ಹೊರಟುಹೋದರು.